ಹಂದಿಗೆ ಸುರಿದ ತಿಳಿನೀರು ನನ್ನ ಲೋಟಕ್ಕೆ

ಹತ್ತೊಂಬತ್ತು ವರ್ಷ ನಾನು ತಿಳಿನೀರಿನ ಟ್ಯಾಂಕರು ಓಡಿಸಿದೆ. ದಕ್ಷಿಣ ತರನಾಕಿಯ ನಮ್ಮೂರಿನ ಚೀಸ್ ಕಾರ್ಖಾನೆಯಲ್ಲಿ ಹಾಲು ಒಡೆಸಿ ಗಟ್ಟಿಯನ್ನೆಲ್ಲ ಇಟ್ಟುಕೊಳ್ಳುತ್ತಿದ್ದರು. ಉಳಿದ ಹಸಿರು ಹಳದಿ ಬಣ್ಣದ ನೀರನ್ನು ಏನು ಮಾಡಬೇಕೆಂದು ತೋಚದೆ ನನಗೆ ಒಪ್ಪಿಸುತ್ತಿದ್ದರು. ನಾನು ಅದನ್ನು ಒಯ್ದು ಹಂದಿಗಳಿಗೆ ಸುರಿಯುತ್ತಿದ್ದೆ. ನನ್ನ ಗಾಡಿ ತಿರುವಿನಲ್ಲಿ ಕಂಡರೆ ಸಾಕು, ಗೆಳೆಯ ಗಾರ್ತ್‌ನ ನಾನೂರು ಹಂದಿಗಳು ಕಿರುಚುತ್ತ ಬೇಲಿಗೆ ಬಂದು ಬೀಳುತ್ತಿದ್ದವು. ಸೆಲ್ವಿನ್ ಕಡ್ಬಿ ಎಂಬ ಈ ಮನುಷ್ಯನನ್ನು ಅಷ್ಟು ಪ್ರೀತಿಯಿಂದ ಬೇರೆ ಯಾರೂ ಎದುರುಗೊಂಡದ್ದಿಲ್ಲ. ಹೆಂಡತಿ ನೈಯೋಳನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಆಮೇಲೊಂದು ವರ್ಷ ಕಾರ್ಖಾನೆಯವರು ಚರ್ಚಿನ ಗೋಪುರಕ್ಕಿಂತ ಎತ್ತರದ ಯಂತ್ರವೊಂದನ್ನು ನಿಲ್ಲಿಸಿ, ಆ ನೀರನ್ನು ಒಣಗಿಸಿ ಪುಡಿ ಮಾಡತೊಡಗಿದರು. ಪುಡಿ ಚೀಲಗಳಲ್ಲಿ ಹಡಗು ಹತ್ತಿತು. ನಾನು ಟ್ಯಾಂಕರಿನಿಂದಿಳಿದು ಉಗ್ರಾಣದಲ್ಲಿ ಪೆಟ್ಟಿಗೆ ದೂಡುವ ಕೆಲಸಕ್ಕೆ ಸೇರಿದೆ. ಯಾವ ದೇಶದ ಹಂದಿಗಳು ಇಷ್ಟು ಪುಣ್ಯ ಮಾಡಿವೆಯೋ ಎಂದು ಆ ಚೀಲಗಳನ್ನು ನೋಡಿ ಅಂದುಕೊಳ್ಳುತ್ತಿದ್ದೆ. ನಾನು ದಡ್ಡ ಎನ್ನುವುದಕ್ಕೆ ಇದು ಮೊದಲ ಪುರಾವೆ. ಇನ್ನೂ ಬೇಕಾದಷ್ಟಿವೆ.

ನಿವೃತ್ತನಾದ ಮೂರು ವರ್ಷಕ್ಕೆ, ಅರವತ್ತಮೂರರ ವಯಸ್ಸಿನಲ್ಲಿ, ಒಂದು ದಿನ ಹಿತ್ತಲಲ್ಲಿ ಕಳೆ ಕೀಳಲು ಕುಳಿತೆ. ಕುಳಿತವನು ಏಳಲಾಗಲಿಲ್ಲ. ನೋವಿಲ್ಲ, ಮುರಿತವಿಲ್ಲ, ಕಾಲುಗಳು ಸುಮ್ಮನೆ ಒಲ್ಲೆ ಎಂದವು. ಆಗ ನನ್ನ ತೂಕ ನೂರನಾಲ್ಕು ಕಿಲೋ. ನೈಯೋ ಎಳೆದಳು, ತಳ್ಳಿದಳು, ಕೊನೆಗೆ ಸೊಂಟ ಹಿಡಿದುಕೊಂಡು ರಸ್ತೆಯಾಚೆಯ ಗಾರ್ತ್‌ನನ್ನು ಕೂಗಿದಳು. ಅವನು ಬಂದು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಂದಿನಿಂದ ಬೆಲ್ಟಿಗೆ ಕೈ ಹಾಕಿ ಎತ್ತಿ ನಿಲ್ಲಿಸಿದ.

“ಲೋ ಸೆಲ್ವಿನ್, ನಲವತ್ತು ವರ್ಷ ಹಂದಿ ಸಾಕಿದೀನಿ. ಈ ತೂಕದ್ದು ಒಂದು ಇದ್ದಿದ್ರೆ ಪ್ರದರ್ಶನದಲ್ಲಿ ಮೊದಲನೇ ಬಹುಮಾನ ನಂದೇ ಆಗಿರ್ತಿತ್ತು ಕಣೋ.”

ನೈಯೋ ನಗಲಿಲ್ಲ. “ನಾಳೆಯಿಂದ ಬ್ಯಾಂಕಿಗೆ ಹೋಗ್ತೀಯ. ಇನ್ನೊಂದು ಮಾತು ಬೇಡ,” ಎಂದಳು.

ಬ್ಯಾಂಕು ಎಂದರೆ ಹಣವಿಡುವ ಬ್ಯಾಂಕಲ್ಲ. ಅದು ಮುಚ್ಚಿ ಎಷ್ಟೋ ಕಾಲವಾಗಿತ್ತು. ಆ ಕಟ್ಟಡದಲ್ಲಿ ಮೆರೆಯಾನಾ ಎಂಬ ಹೆಣ್ಣುಮಗಳು ವ್ಯಾಯಾಮಶಾಲೆ ನಡೆಸುತ್ತಿದ್ದಳು. ಹತ್ತು ವರ್ಷ ಉಣ್ಣೆ ಕತ್ತರಿಸುವ ತಂಡದಲ್ಲಿ ದುಡಿದು, ದಿನಕ್ಕೆ ಮುನ್ನೂರು ಕುರಿಗಳನ್ನು ಮಗುಚಿ ಹಾಕಿದವಳು. ನನ್ನನ್ನೂ ಅದೇ ಕಣ್ಣಿನಿಂದ ಅಳೆದಳು. ಆದರೆ ಮಾತು ಮಾತ್ರ ಮರ್ಯಾದೆಯದು.

“ಮಾಟುವಾ, ಬೆಳಗ್ಗೆ ಏನು ತಿಂತೀರ?” ಎಂದು ಕೇಳಿದಳು. ಇಲ್ಲಿ ಹಿರಿಯರನ್ನು ಹಾಗೆಯೇ ಕರೆಯುವುದು.

“ಟೋಸ್ಟು, ಜ್ಯಾಮು.”

“ಮಧ್ಯಾಹ್ನ?”

“ಟೋಸ್ಟು.”

“ಸಂಜೆಗೆ?”

“ನೈಯೋ ಏನು ಬಡಿಸ್ತಾಳೋ ಅದು. ಆಮೇಲೆ ಒಂದು ಟೋಸ್ಟು.”

“ಅಯ್ಯೋ, ನೀವು ಮನುಷ್ಯರೋ ಬ್ರೆಡ್ಡಿನ ಡಬ್ಬವೋ? ಈ ವಯಸ್ಸಲ್ಲಿ ಪ್ರೋಟೀನು ತಿನ್ನದೆ ಇದ್ರೆ ತೊಡೆ ಎಲ್ಲಿಂದ ಬರ್ಬೇಕು?” ಎನ್ನುತ್ತ ಒಂದು ಬಾಟಲಿಯಲ್ಲಿ ಪುಡಿ ಹಾಕಿ, ನೀರು ಬೆರೆಸಿ, ಗಲಗಲ ಅಲ್ಲಾಡಿಸಿ ಕೈಗಿತ್ತಳು.

ಕುಡಿದೆ. ಮೇಲೆ ಚಾಕೊಲೇಟಿನ ರುಚಿ. ಅದರಡಿಯಲ್ಲಿ, ನಾಲಿಗೆಯ ಬುಡದಲ್ಲಿ, ಇನ್ನೇನೋ ಇತ್ತು. ಹತ್ತೊಂಬತ್ತು ವರ್ಷ ನನ್ನ ಅಂಗಿಯಿಂದ, ಕೂದಲಿನಿಂದ, ಮದುವೆಮನೆಗೆ ತೊಟ್ಟು ಹೋಗುತ್ತಿದ್ದ ಕೋಟಿನಿಂದಲೂ ಬರುತ್ತಿದ್ದ ಅದೇ ವಾಸನೆ. ಪುಡಿಯ ಡಬ್ಬ ತಿರುಗಿಸಿ ಕನ್ನಡಕ ಏರಿಸಿ ಓದಿದೆ. ಮೊದಲ ಸಾಲಿನಲ್ಲೇ ಇತ್ತು: ಹಾಲಿನ ತಿಳಿನೀರಿನ ಪುಡಿ.

“ಇದನ್ನ ನಾನು ಹಂದಿಗೆ ಹಾಕ್ತಿದ್ದೆ ಕಣಮ್ಮ!”

ಮೆರೆಯಾನಾ ಅಲ್ಲಾಡಲಿಲ್ಲ. “ಹಂದಿ ಬೆಳೆದವಾ?”

“ಬೆಳೆದವು.”

“ಮಾಂಸ ಗಟ್ಟಿ ಇತ್ತಾ?”

“ಆಕ್ಲೆಂಡಿನಿಂದ ಬಂದು ಒಯ್ತಿದ್ರು.”

“ಮತ್ತಿನ್ನೇನು ಸಾಕ್ಷಿ ಬೇಕು ಮಾಟುವಾ? ಮುಗಿಸಿ, ಬಾಟ್ಲಿ ತೊಳೀಬೇಕು.”

ಮುಗಿಸಿದೆ. ಅಂದಿನಿಂದ ದಿನಕ್ಕೆ ಒಂದು ಚಮಚ ಎಂದಳು. ಒಂದರಿಂದ ಒಳ್ಳೆಯದಾದರೆ ಮೂರರಿಂದ ಮೂರು ಪಟ್ಟು ಒಳ್ಳೆಯದಾಗಬೇಕಲ್ಲ? ಮನೆಯಲ್ಲಿ ಮೂರು ಹಾಕಿಕೊಂಡೆ. ನನ್ನ ಹೊಟ್ಟೆಯೊಳಗೆ ಬ್ಯಾಂಡ್ ಮೇಳ ಶುರುವಾಯಿತು. ಹದಿನಾಲ್ಕು ವರ್ಷದ ಮುದಿ ನಾಯಿ, ಸಿಡಿಲಿಗೂ ಕದಲದ್ದು, ನನ್ನ ಕುರ್ಚಿಯ ಬುಡ ಬಿಟ್ಟು ಬಟ್ಟೆ ಒಗೆಯುವ ಕೋಣೆಗೆ ವಾಸ ಬದಲಿಸಿತು. ನೈಯೋ ಕಿಟಕಿ ತೆಗೆದಿಟ್ಟು, ಚಳಿಗಾಲವೆಂದು ಕೋಟು ಹಾಕಿಕೊಂಡೇ ಟಿವಿ ನೋಡುತ್ತಿದ್ದಳು.

ಆದರೂ ಎರಡು ತಿಂಗಳಲ್ಲಿ ಕಾಲಿಗೆ ಬಲ ಬಂತು. ನೆಲದಲ್ಲಿ ಕುಳಿತು ಕೈಯೂರದೆ ಎದ್ದೆ. ಅಲ್ಲಿಗೆ ಸುಮ್ಮನಿದ್ದಿದ್ದರೆ ಮನುಷ್ಯನಾಗುತ್ತಿದ್ದೆ. ಹೊಸದಾಗಿ ಮತಾಂತರಗೊಂಡವನ ಭಕ್ತಿ ಹೆಚ್ಚು ನೋಡಿ; ಸಿಕ್ಕವರಿಗೆಲ್ಲ ಪ್ರೋಟೀನಿನ ಉಪದೇಶ ಶುರುವಿಟ್ಟೆ. ಹಳೆಯ ಸಹೋದ್ಯೋಗಿಯೊಬ್ಬನ ಶವಸಂಸ್ಕಾರದ ನಂತರದ ಚಹಾಕೂಟದಲ್ಲಿ, ಸ್ಯಾಂಡ್‌ವಿಚ್ಚುಗಳ ಬ್ರೆಡ್ಡನ್ನೆಲ್ಲ ಬದಿಗೆ ಸರಿಸಿ ಒಳಗಿನ ಮೊಟ್ಟೆಯನ್ನಷ್ಟೇ ತಿನ್ನುತ್ತ, ಸತ್ತವನ ಹೆಂಡತಿಗೆ ಸ್ನಾಯು ಸವೆತದ ಬಗ್ಗೆ ವಿವರಿಸುತ್ತಿದ್ದೆ. ನೈಯೋ ಬಂದು ನನ್ನ ತೋಳು ಹಿಡಿದು ಹೊರಗೆ ಕರೆದೊಯ್ದಳು.

ಅಡುಗೆಮನೆಯ ಕಪಾಟಿನ ಒಂದು ಅರೆಯನ್ನು ನನ್ನ ಪುಡಿ ಡಬ್ಬಗಳಿಗೆಂದು ಗೆದ್ದುಕೊಂಡಿದ್ದೆ, ಆಮೇಲೆ ಎರಡನ್ನು. ಮೆರೆಯಾನಾಗೆ ತಿಳಿಸದೆ ಅಂತರ್ಜಾಲದಲ್ಲಿ ತರಿಸಿದ ಡಬ್ಬವೊಂದರ ಮೇಲೆ ಮಿಂಚಿನ ಚಿತ್ರವಿತ್ತು. ವ್ಯಾಯಾಮಕ್ಕೆ ಮೊದಲು ಕುಡಿದರೆ ಹುಲಿಯಾಗುತ್ತೀರಿ ಎಂದು ಬರೆದಿತ್ತು. ಕಲ್ಲಂಗಡಿಯ ರುಚಿ. ಹುಲ್ಲು ಕತ್ತರಿಸುವುದಿದ್ದ ಒಂದು ಶನಿವಾರ ಬೆಳಗ್ಗೆ ಎರಡು ಚಮಚ ತುಂಬಿಸಿ ಕುಡಿದು ಯಂತ್ರ ತಳ್ಳಿದೆ.

ಕಾಲು ಗಂಟೆಯಲ್ಲಿ ತುಟಿಯ ಮೇಲೆ ಇರುವೆ ಹರಿದಂತಾಯಿತು. ಇರುವೆ ಕಿವಿಗೆ ಹೋಯಿತು, ಕುತ್ತಿಗೆಗಿಳಿಯಿತು, ಅಂಗೈಗೆ ಬಂತು. ಎದೆ ಓಟದ ಕುದುರೆಯಂತೆ ಬಡಿಯುತ್ತಿತ್ತು. ನಮ್ಮಪ್ಪ ಲಕ್ವಾ ಹೊಡೆದು ಹೋದವನು. ಇದು ಅದೇ ಎಂದು ತಿಳಿದು, ಅರ್ಧ ಕತ್ತರಿಸಿದ ಹುಲ್ಲಿನ ಮೇಲೆ ಅಂಗಾತ ಮಲಗಿ ಹೆಂಡತಿಯನ್ನು ಕರೆದೆ.

“ನೈಯೋ, ನನ್ನ ಕಾಲ ಆಯ್ತು. ಒಂದು ಮಾತು. ಕಾರಿನ ಹಿಂದೆ ಕಟ್ಟೋ ಟ್ರೇಲರನ್ನ ಗಾರ್ತ್‌ಗೆ ಮಾತ್ರ ಕೊಡಬೇಡ. ಇಸ್ಕೊಂಡ್ರೆ ಅವನು ವಾಪಸ್ ಕೊಡಲ್ಲ.”

ನಲವತ್ತು ವರ್ಷದ ದಾಂಪತ್ಯದ ಕೊನೆಯಲ್ಲಿ ನನ್ನ ಬಾಯಿಂದ ಬಂದದ್ದು ಇದು. ಅವಳು ಮುಖ ಬಿಳಿಚಿಕೊಂಡು ಆಂಬುಲೆನ್ಸಿಗೆ ಫೋನು ಮಾಡಿದಳು. ಆಂಬುಲೆನ್ಸು ಬಂತು. ಬಂದವನು ಬೆವನ್, ವಾರವೆಲ್ಲ ಅಂಚೆ ಹಂಚಿ ಶನಿವಾರ ಆಂಬುಲೆನ್ಸಿನ ಸ್ವಯಂಸೇವೆಗೆ ಬರುವವನು.

“ಸೆಲ್ವಿನ್, ಎಲ್ಲಿ, ಸ್ವಲ್ಪ ನಗಿ.”

“ಸಾಯೋವಾಗ ನಗೋದಾ?”

“ಬಾಯಿ ಸೊಟ್ಟಗಾಗಿದೆಯಾ ನೋಡ್ಬೇಕು, ಅದಕ್ಕೆ.”

“ಅದು ಮೊದಲಿಂದಲೂ ಸೊಟ್ಟಾನೇ,” ಎಂದಳು ನೈಯೋ, ಅಳುತ್ತಲೇ.

ಕೈ ಎತ್ತಿಸಿದ, ಮಾತಾಡಿಸಿದ, ಎದೆಗೆ ತಂತಿ ಅಂಟಿಸಿದ. ಬೆಳಗ್ಗೆ ಏನು ತಿಂದಿರಿ ಎಂದ. ನಾನು ಟೋಸ್ಟು ಎಂದೆ. ನೈಯೋ ಒಳಗೆ ಹೋಗಿ ಮಿಂಚಿನ ಡಬ್ಬವನ್ನೇ ತಂದಳು. ಬೆವನ್ ಅದರ ಹಿಂಬದಿ ಓದಿದ. ಇನ್ನೊಮ್ಮೆ ಓದಿದ. ತುಟಿ ಕಚ್ಚಿಕೊಂಡ.

“ಇದರಲ್ಲಿರೋ ಒಂದು ಸಾಮಾನು ಮೈಯೆಲ್ಲ ಜುಮ್ ಅನ್ನಿಸುತ್ತೆ. ಅದರ ಗುಣಾನೇ ಅದು, ಗಂಟೇಲಿ ಇಳಿಯುತ್ತೆ. ಆದ್ರೆ ಕೆಫೀನು ಆರು ಲೋಟ ಕಾಫಿಯಷ್ಟು ಹೊಡ್ದಿದೀರ, ಈ ವಯಸ್ಸಲ್ಲಿ ಅದು ತಮಾಷೆಯಲ್ಲ. ಹೃದಯ ಸರಿಯಾಗೋವರೆಗೂ ನಾನು ಇಲ್ಲೇ ಕೂತಿರ್ತೀನಿ.”

ಅವನು ಕೂತ, ಚಹಾ ಕುಡಿದ. ಮಧ್ಯಾಹ್ನದೊಳಗೆ ಸುದ್ದಿ ಊರು ಸುತ್ತಿತು. ಸಂಜೆ ಮೆರೆಯಾನಾ ಮನೆಗೇ ಬಂದು, ಕಪಾಟು ತೆರೆದು, ಒಂದೊಂದನ್ನೇ ಚೀಲಕ್ಕೆ ಹಾಕಿಕೊಂಡಳು.

“ತಿಳಿನೀರಿನ ಪುಡಿ ದಿನಕ್ಕೆ ಒಂದು ಚಮಚ. ಬಾಕಿಯದಕ್ಕೆ ಮೊಟ್ಟೆ, ಮೀನು, ಕುರಿ ಮಾಂಸ. ಇದಕ್ಕೂ ಮೇಲೆ ಏನಾದ್ರೂ ಬಾಯಿಗೆ ಹಾಕ್ಕೊಂಡ್ರೆ ನಾನೇ ಉಣ್ಣೆ ಕತ್ತರಿಸಿ ಬಿಡ್ತೀನಿ ಮಾಟುವಾ.”

ತಲೆಯ ಮೇಲೆ ಕತ್ತರಿಸಲು ನನಗೆ ಏನೂ ಉಳಿದಿರಲಿಲ್ಲ. ಆದರೂ ಹೆದರಿದೆ.

ಮುಂದಿನ ಮಾರ್ಚಿನಲ್ಲಿ ಸ್ಟ್ರಾಟ್‌ಫರ್ಡಿನ ಸಭಾಂಗಣದಲ್ಲಿ ಭಾರ ಎತ್ತುವ ಸ್ಪರ್ಧೆಗೆ ಅವಳು ನನ್ನ ಹೆಸರು ಕೊಟ್ಟಳು. ನೆಲದ ಮೇಲಿನ ಸಲಾಕೆಯನ್ನು ತೊಡೆಯವರೆಗೆ ಎತ್ತಿ ನಿಂತು, ತೀರ್ಪುಗಾರ ‘ಇಳಿಸಿ’ ಎಂದ ಮೇಲೆ ಇಳಿಸಬೇಕು. ಅಷ್ಟೇ. ಅರವತ್ತು ದಾಟಿದವರ ನನ್ನ ತೂಕದ ವಿಭಾಗದಲ್ಲಿ ಇದ್ದವನು ನಾನೊಬ್ಬನೇ. ಸೋಲಲು ದಾರಿಯೇ ಇಲ್ಲ ಎಂದು ಗಾರ್ತ್ ಕೂಡ ಒಪ್ಪಿಕೊಂಡು ನೋಡಲು ಬಂದ.

ನೂರಹತ್ತು ಕಿಲೋ. ಭಾರ ಎತ್ತುವಾಗ ಕಣ್ಣು ಮುಚ್ಚಿಕೊಳ್ಳುವುದು ನನ್ನ ಚಾಳಿ. ಎತ್ತಿದೆ, ಸಲೀಸಾಗಿ ಬಂತು, ಇಳಿಸಿದೆ. ನಾನು ಹೇಳುವ ಮೊದಲೇ ಇಳಿಸಿದಿರಿ, ತಪ್ಪು ಎಂದ ತೀರ್ಪುಗಾರ. ಎರಡನೆಯ ಸಲವೂ ಅದೇ ಕಥೆ. ಮೂರನೆಯದೇ ಕೊನೆಯದು. ಈ ಸಲ ಹೇಳುವ ತನಕ ಪ್ರಾಣ ಹೋದರೂ ಇಳಿಸುವುದಿಲ್ಲ ಎಂದು ಹಲ್ಲು ಕಚ್ಚಿ ಎತ್ತಿ, ಕಣ್ಣು ಮುಚ್ಚಿ ನಿಂತೆ. ಟ್ಯಾಂಕರಿನ ಪಂಪಿನ ಪಕ್ಕ ಕಳೆದ ವರ್ಷಗಳು ನನ್ನ ಕಿವಿಯನ್ನು ಎಷ್ಟು ತಿಂದಿವೆಯೆಂದು ಆ ದಿನದವರೆಗೆ ನಾನು ಒಪ್ಪಿರಲಿಲ್ಲ. ತೀರ್ಪುಗಾರ ಇಳಿಸಿ ಎಂದನಂತೆ, ಮತ್ತೆ ಎಂದನಂತೆ. ಮೆರೆಯಾನಾ ಕೂಗಿದಳು, ಇಡೀ ಸಭೆ ಎದ್ದು ನಿಂತು “ಇಳಿಸಿ! ಇಳಿಸಿ!” ಎಂದು ಬೊಬ್ಬೆ ಹೊಡೆಯಿತು. ಜನ ನನ್ನನ್ನು ಹುರಿದುಂಬಿಸುತ್ತಿದ್ದಾರೆಂದು ನಾನು ಇನ್ನಷ್ಟು ಎದೆಯುಬ್ಬಿಸಿದೆ. ಕೊನೆಗೆ ಬೆರಳು ಸೋತು, ಸಲಾಕೆ ಜಾರಿ ಧಡಾರನೆ ಬಿತ್ತು. ಕೈಬಿಟ್ಟರೆ ಲೆಕ್ಕಕ್ಕಿಲ್ಲ.

“ಒಬ್ಬನೇ ಓಡಿ ಸೋತವನನ್ನ ಇವತ್ತೇ ನೋಡಿದ್ದು,” ಎಂದ ಗಾರ್ತ್, ಹತ್ತಿರ ಬಂದು, ನನ್ನ ಕಿವಿಗೇ ಬಾಯಿಟ್ಟು.

ಮನೆಗೆ ಮರಳುವಾಗ ನೈಯೋ ಕಾರು ಓಡಿಸುತ್ತಿದ್ದಳು. ಎಲ್ಟಮ್ ಊರು ದಾಟುವವರೆಗೆ ಗಂಭೀರವಾಗಿದ್ದಳು. ಆಮೇಲೆ ಭುಜ ಕುಣಿಯತೊಡಗಿತು. ಹುಲ್ಲಿನ ಬದಿಗೆ ಗಾಡಿ ನಿಲ್ಲಿಸಿ, ಸ್ಟೀರಿಂಗಿನ ಮೇಲೆ ಹಣೆಯಿಟ್ಟು ಕಣ್ಣೀರು ಬರುವಂತೆ ನಕ್ಕಳು. ಅವಳು ಹಾಗೆ ನಕ್ಕು ಎಷ್ಟು ವರ್ಷವಾಗಿತ್ತೋ. ಸೋಲಿನ ಅವಮಾನ ನನಗೂ ಅಲ್ಲೇ ಕರಗಿ ನಗು ಬಂತು.

ಸೋಮವಾರ ಕಿವಿಯ ವೈದ್ಯರ ಬಳಿಗೆ ಅವಳೇ ಕರೆದೊಯ್ದಳು. ಕಿವಿಗೆ ಯಂತ್ರ ಹಾಕಿಸಿಕೊಂಡೆ. ಅಡುಗೆಮನೆಯಲ್ಲಿ ಫ್ರಿಜ್ಜು ಗುಂಯ್‌ಗುಡುತ್ತದೆಂದು ತಿಳಿಯಿತು. ನಾಯಿ ಗೊರಕೆ ಹೊಡೆಯುತ್ತದೆಂದು ತಿಳಿಯಿತು. ಮರುದಿನ ಬೆಳಗ್ಗೆ ನಾನು ಚಮಚಕ್ಕೆ ಪುಡಿ ತುಂಬುತ್ತಿದ್ದಾಗ ನೈಯೋ ಬೆನ್ನು ತಿರುಗಿಸಿ ಪಾತ್ರೆ ತೊಳೆಯುತ್ತ ತನ್ನಷ್ಟಕ್ಕೆ ಏನೋ ಅನ್ನುತ್ತಿದ್ದಳು. ಇಷ್ಟು ವರ್ಷ ಅದನ್ನು ಅವಳ ಗುನುಗು ಎಂದೇ ನಾನು ನಂಬಿದ್ದೆ.

“ಒಂದು ಚಮಚ ಅಂದ್ರೆ ಮೇಲೆ ಸವರಿ ಸಮ ಮಾಡಿ ಅಳೀಬೇಕು. ಗೋಪುರ ಕಟ್ಟಿದಾನೆ ನೋಡು, ಕಳ್ಳ ಮುದುಕ.”

ನಾನು ತೆಪ್ಪಗೆ ಗೋಪುರವನ್ನು ಡಬ್ಬಕ್ಕೆ ಸುರಿದು, ಮೇಲೆ ಸವರಿ ಸಮ ಮಾಡಿ, ಇನ್ನೊಮ್ಮೆ ಅಳೆದೆ.