ಹತ್ತು ಲಕ್ಷದ ಒಂಬತ್ತು

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಕೊಡ್ಲಿಪೇಟೆಯ ನಮ್ಮ ಮಿಡ್ಲ್ ಸ್ಕೂಲಿನ ಕೊನೆಯ ತರಗತಿಯಲ್ಲಿ ಹುಡುಗಿಯರೆಂದರೆ ನಾನು ಮತ್ತು ನನ್ನ ಗೆಳತಿ, ಇಬ್ಬರೇ. ಮಡಿಕೇರಿಯಲ್ಲಿ ಹೈಸ್ಕೂಲು ಓದುವ ಹುಡುಗಿಯರಿಗೆ ಊಟ, ವಸತಿ ಕೊಡುವ ಹಾಸ್ಟೆಲೊಂದಿತ್ತು. ಆ ವರ್ಷ ನಮ್ಮ ಶಾಲೆಗೆ ಸಿಕ್ಕಿದ್ದು ಒಂದೇ ಜಾಗ. ಅಂಕಗಳಲ್ಲಿ ಇಬ್ಬರೂ ಸಮ. ಹಾಗಾಗಿ ಲೆಕ್ಕದ ಮೇಷ್ಟ್ರು ಒಂದು ಶನಿವಾರ ಬೋರ್ಡಿನ ಮೇಲೆ ೧೦೦೦೦೦೯ ಎಂದು ಬರೆದು, ಇದು ಅವಿಭಾಜ್ಯ ಸಂಖ್ಯೆಯೋ ಅಲ್ಲವೋ ಸೋಮವಾರ ಹೇಳಿ ಎಂದರು.

ಒಂದು ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ಶೇಷವಿಲ್ಲದೆ ಭಾಗವಾಗದ್ದು ಅವಿಭಾಜ್ಯ. ಸಾವಿರವನ್ನು ಸಾವಿರದಿಂದ ಗುಣಿಸಿದರೆ ಹತ್ತು ಲಕ್ಷವಾದ್ದರಿಂದ, ಸಾವಿರದೊಳಗಿನ ಅವಿಭಾಜ್ಯಗಳಿಂದೆಲ್ಲ ಭಾಗಿಸಿ ನೋಡಬೇಕು. ನಾನು ಇನ್ನೂರರವರೆಗೆ ಹೋಗಿ, ಕೈ ಸೋತು, ಅವಿಭಾಜ್ಯವೇ ಇರಬೇಕು ಎಂದುಕೊಂಡೆ. ಸೋಮವಾರ ಹಾಗೇ ಹೇಳಿದೆ. ಗೆಳತಿ, ಅಲ್ಲ, ಭಾಗ ಹೋಗುತ್ತದೆ ಎಂದಳು. ಯಾವುದರಿಂದ ಎಂದು ಕೇಳಿದರೆ ಅವಳಿಗೆ ನೆನಪಾಗಲಿಲ್ಲ; ಬೆಳಿಗ್ಗೆ ಸ್ಲೇಟು ಒರೆಸಿಕೊಂಡು ಬಂದಿದ್ದಳು. ಇನ್ನೊಂದು ದಿನ ಕೊಡಿ, ಮತ್ತೆ ಮಾಡಿ ತೋರಿಸುತ್ತೇನೆ ಎಂದು ಕೇಳಿಕೊಂಡಳು. ಹಾಸ್ಟೆಲಿಗೆ ಹೆಸರು ಅಂದೇ ಹೋಗಬೇಕಿತ್ತು. ಅವಳು ಊಹಿಸಿ ಹೇಳಿದ್ದಾಳೆಂದುಕೊಂಡು ಮೇಷ್ಟ್ರು ನನ್ನ ಹೆಸರು ಕಳಿಸಿದರು.

ನಾನು ಮಡಿಕೇರಿಗೆ ಹೋದ ಕೆಲವು ವಾರಗಳಿಗೆ ಮೇಷ್ಟ್ರು ಹಾಸ್ಟೆಲಿಗೆ ಬಂದರು. ಕೂರಲಿಲ್ಲ. ಆ ಸಂಖ್ಯೆ ಸಾವಿರ ಮತ್ತು ಮೂರರ ವರ್ಗಗಳ ಮೊತ್ತ; ಇನ್ನೂರ ಮೂವತ್ತೈದು ಮತ್ತು ಒಂಬೈನೂರ ಎಪ್ಪತ್ತೆರಡರ ವರ್ಗಗಳ ಮೊತ್ತವೂ ಹೌದು. ಹೀಗೆ ಎರಡು ವರ್ಗಗಳ ಮೊತ್ತವಾಗಿ ಎರಡು ಬಗೆಯಲ್ಲಿ ಬರೆಯಬಹುದಾದದ್ದು ಅವಿಭಾಜ್ಯವಾಗಿರಲಾರದು. ಅದು ಕಣ್ಣಿಗೆ ಬಿದ್ದ ಮೇಲೆ ಅವರು ಮತ್ತೆ ಭಾಗಿಸಲು ಕೂತರಂತೆ.

"ಇನ್ನೂರ ತೊಂಬತ್ಮೂರರಿಂದ ಹೋಗುತ್ತೆ ಕಣಮ್ಮ. ನಾನು ಇನ್ನೂರಕ್ಕೇ ನಿಲ್ಸಿಬಿಟ್ಟಿದ್ದೆ. ಆ ಹುಡುಗಿ ಹೇಳಿದ್ದೇ ಸರಿ" ಎಂದರು.

ಅವಳ ಮನೆಗೆ ಹೋಗಿ, ಅವಳಪ್ಪನ ಎದುರೇ ಅವಳ ಕ್ಷಮೆ ಕೇಳಿ ಬಂದಿದ್ದರು. ಅವಳಪ್ಪ ಕಾಫಿ ಕೊಡಿಸಿದರಂತೆ. ನಾನು ಊರಿಗೆ ವಾಪಸು ಬರುತ್ತೇನೆ, ಅವಳನ್ನು ಕಳಿಸಿ ಎಂದೆ. ವರ್ಷದ ನಡುವೆ ಹಾಗೆ ಬದಲಿಸಲು ಬರುವುದಿಲ್ಲವೆಂದು ವಾರ್ಡನ್ ಆಗಲೇ ಹೇಳಿದ್ದರು. "ತಪ್ಪು ನಂದು. ನೀನು ಮನಸ್ಸಿಗೆ ಹಚ್ಕೋಬೇಡ" ಎಂದು ಮೇಷ್ಟ್ರು ತಲೆ ತಗ್ಗಿಸಿಕೊಂಡೇ ಮೆಟ್ಟಿಲಿಳಿದರು. ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಮತ್ತೊಬ್ಬರಿಗೆ ಹಾಕಿದ ಎಲೆಯ ಮುಂದೆ ಕೂತಂತಾಗುತ್ತಿತ್ತು.

ಮೇಷ್ಟ್ರು ಸುಮ್ಮನಿರಲಿಲ್ಲ. ಆಫೀಸುಗಳಿಗೆ ಅಲೆದು, ಮರುವರ್ಷ ಅವಳಿಗೂ ಒಂದು ಜಾಗ ಕೊಡಿಸಿದರು. ಅವಳು ಬಂದ ದಿನ ಟ್ರಂಕಿನ ಒಂದು ಕಡೆ ನಾನು ಹಿಡಿದೆ, ಇನ್ನೊಂದು ಕಡೆ ಅವಳು. ಕೋಣೆಯಲ್ಲಿ ಅದನ್ನು ಇಳಿಸುವಷ್ಟರಲ್ಲಿ ನನಗೆ ಅಳು ಬಂದಿತ್ತು. ನಿನ್ನ ಒಂದು ವರ್ಷ ನಾನು ತಿಂದೆ ಎಂದೆ.

ಅವಳು ಟ್ರಂಕಿನ ಮೇಲೆ ಕೂತಳು. "ನೀನೂ ಇನ್ನೊಂದಿಷ್ಟು ಭಾಗಿಸಿದ್ರೆ ಇಬ್ರೂ ಒಂದೇ ಉತ್ತರ ಹೇಳ್ತಿದ್ವಿ ಕಣೇ. ಇಬ್ರು ಹೇಳಿದ್ರೆ ಮೇಷ್ಟ್ರು ನಂಬ್ತಿದ್ರು."

ದನಿಯಲ್ಲಿ ಸಿಟ್ಟಿರಲಿಲ್ಲ. ಆಮೇಲೆ ಎಂದೂ ಆ ಮಾತು ಎತ್ತಲಿಲ್ಲ. ಆದರೆ ದಿನಾ ಬೆಳಿಗ್ಗೆ ಪ್ರಾರ್ಥನೆಗೆ ತರಗತಿವಾರು ನಿಲ್ಲುವಾಗ, ಅವಳು ಕೆಳಗಿನ ತರಗತಿಯ ಪುಟ್ಟ ಹುಡುಗಿಯರ ನಡುವೆ ಎತ್ತರವಾಗಿ ಕಾಣುತ್ತಿದ್ದಳು. ಆ ಸಾಲಿನ ಕಡೆ ತಿರುಗಲು ನನಗೆ ಆಗುತ್ತಿರಲಿಲ್ಲ.