ಕಾಮಗಾರಿ ಪೂರ್ಣಗೊಂಡಿದೆ

ಇಪ್ಪತ್ತೆರಡು ವರ್ಷ ಸರ್ಕಾರಿ ಮೇಲ್ಸೇತುವೆಗಳ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದವನನ್ನು ಹೋದ ವರ್ಷ ಉತ್ತರ ಬೆಂಗಳೂರಿನ ತಾಯಿ-ಮಗು ಆರೋಗ್ಯ ಯೋಜನೆಗೆ ನಿಯೋಜಿಸಿದರು. ಬೇರೆ ಯಾರದೋ ಆದೇಶವಿರಬೇಕೆಂದು ಹೆಸರನ್ನು ಮೂರು ಸಲ ಓದಿದೆ. ನನ್ನದೇ.

"ಮ್ಯಾನೇಜ್‌ಮೆಂಟ್ ಎಲ್ಲಾ ಕಡೆ ಒಂದೇ ಕಣ್ರೀ" ಎಂದು ಮೇಲಧಿಕಾರಿ ಬೆನ್ನು ತಟ್ಟಿದರು. ಹೊಗಳಿಕೆಯಂತೆ ಕೇಳಿಸುವ ಮಾತನ್ನು ನಾನು ಯಾವತ್ತೂ ಪರೀಕ್ಷಿಸಿದವನಲ್ಲ. ಮೊದಲ ವಾರವೇ ಯಲಹಂಕದ ಕಚೇರಿಯ ಗೋಡೆಗೆ ದೊಡ್ಡ ಪಟ್ಟಿ ಅಂಟಿಸಿದೆ: ಬಸುರಿಯರ ಹೆಸರು, ನರ್ಸು ಮನೆಗೆ ಹೋಗಬೇಕಾದ ದಿನ. ಹೆರಿಗೆಯಾದ ಕೂಡಲೇ ಹೆಸರಿನ ಮೇಲೆ ಹಸಿರು ಗೆರೆ ಎಳೆದು, 'ಪೂರ್ಣಗೊಂಡಿದೆ' ಎಂದು ಬರೆದು, ಭೇಟಿಯ ಪಟ್ಟಿಯಿಂದ ತೆಗೆಯುತ್ತಿದ್ದೆ. ತಿಂಗಳೊಳಗೆ ಗೋಡೆಯೆಲ್ಲ ಹಸಿರು. ಸೇತುವೆಗಳು ಇಷ್ಟು ಬೇಗ ಮುಗಿದದ್ದುಂಟೇ ಎಂದು ಹಿಗ್ಗಿದೆ.

ಬಾಣಂತನ ಗೊತ್ತಿರಲಿಲ್ಲವೆಂದಲ್ಲ. ನಮ್ಮ ಇಬ್ಬರು ಮಕ್ಕಳದೂ ಮತ್ತಿಕೆರೆಯ ಅತ್ತೆಯ ಮನೆಯಲ್ಲಿ ನಡೆಯಿತು. ಭಾನುವಾರ ಹೋಗಿ, ಸಾಮ್ರಾಣಿ ಹೊಗೆಗೆ ಕೆಮ್ಮಿ, ಉಂಡು ಬರುವುದಷ್ಟೇ ನನ್ನ ಪಾಲು. ಹಿರಿಯರು ಬಸುರಿಗೆ ಒಂದು ದಿನದ ಸೀಮಂತ ಮಾಡಿ, ಬಾಣಂತಿಗೆ ತಿಂಗಳುಗಟ್ಟಲೆ ಎಣ್ಣೆ, ನೀರು, ಪಥ್ಯ, ಕಾವಲು ಇಟ್ಟದ್ದು ಸುಮ್ಮನೆ ಅಲ್ಲ. ಇದನ್ನೆಲ್ಲ ಈಗ ಹೇಳುತ್ತಿದ್ದೇನೆ, ಆಗ ಹೊಳೆದಿರಲಿಲ್ಲ.

ಒಂದು ಮಧ್ಯಾಹ್ನ ನಮ್ಮ ಹಿರಿಯ ನರ್ಸು ಶಾಹೀನಾ ಸಿಸ್ಟರ್ ಬೆವರುತ್ತ ಬಂದು, ಗೋಡೆಯ ಒಂದು ಹಸಿರು ಹೆಸರಿನ ಮೇಲೆ ಬೆರಳಿಟ್ಟರು. ಶೆಟ್ಟಿಹಳ್ಳಿಯ ಲಕ್ಷ್ಮಿ, ಹೆರಿಗೆಯಾಗಿ ಎಂಟು ದಿನ. ಭೇಟಿಯ ಪಟ್ಟಿಯಲ್ಲಿ ಇಲ್ಲದಿದ್ದರೂ ಸಿಸ್ಟರ್ ಹೋಗಿದ್ದರು. ಹೋದರೆ ಅವಳ ಮೈ ಕೆಂಡ, ಮಾತು ತೊದಲು. ಆಸ್ಪತ್ರೆಗೆ ಸೇರಿಸಿ ಬಂದಿದ್ದರು.

"ನಂಜಾಗಿದೆ ಸಾರ್. ನಾಳೆ ಹೋಗಿದ್ರೆ ಜೀವ ಉಳೀತಿರ್ಲಿಲ್ಲ ಅಂದ್ರು ಡಾಕ್ಟ್ರು."

ಆ ಗೆರೆ ಎಳೆದವನು ನಾನು.

"ಹೆರಿಗೆ ಮುಗ್ದಿತ್ತಲ್ಲ ಸಿಸ್ಟರ್..." ಎಂದೆ. ಅನ್ನಬಾರದಿತ್ತು.

ಅವರು ಕೂಗಾಡಲಿಲ್ಲ. ನೀರು ಕುಡಿದು ಕೇಳಿದರು: "ಕಾಂಕ್ರೀಟ್ ಹಾಕಿದ್ಮೇಲೆ ಏನ್ ಮಾಡ್ತೀರ ಸಾರ್?"

"ದಿನಾ ನೀರು ಹಾಕಿಸ್ತೀವಿ. ಇಲ್ದಿದ್ರೆ ಬಿರುಕು ಬಿಡತ್ತೆ" ಎಂದೆ. ಒಂದೇ ದಿನ ನೀರು ತಪ್ಪಿಸಿದ ಕಂಟ್ರಾಕ್ಟರನನ್ನು ಹೆಬ್ಬಾಳದ ನಡುರಸ್ತೆಯಲ್ಲಿ ನಿಲ್ಲಿಸಿ ಬೈದವನು ನಾನು. ಕಂಬಕ್ಕೆ ಇದ್ದ ಆರೈಕೆ ತಾಯಿಗೆ ಬೇಡವೆಂದವನೂ ನಾನೇ. ಅವತ್ತೇ ಗೋಡೆಯ ಪಟ್ಟಿಯನ್ನು ಹರಿದೆ.

ಎರಡು ವಾರಕ್ಕೆ ಲಕ್ಷ್ಮಿ ಗುಣವಾಗಿ ಮನೆಗೆ ಬಂದಳು. ನೋಡಲು ಸಿಸ್ಟರ್ ಜೊತೆ ನಾನೂ ಹೋದೆ. ಬಾಗಿಲಲ್ಲಿ ಅವಳ ತಾಯಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಇವ್ರ್ಯಾರು ಸಿಸ್ಟ್ರೇ?" ಎಂದರು.

"ನಮ್ ಆಫೀಸ್ನೋರೇ ಕಣಮ್ಮ" ಎಂದರು ಸಿಸ್ಟರ್, ಚಪ್ಪಲಿ ಬಿಡುತ್ತ. "ಹೊಸಬ್ರು. ಕೆಲ್ಸ ಕಲೀತಿದಾರೆ."