ಹೊಸ ತೂತು ಕೊರೆಯದ ಮೇಸ್ತ್ರಿ

ನಮ್ಮ ತಂದೆಯವರ ಕಾರಿಗೆ ಐದು ವರ್ಷ ಎರಡು ತಿಂಗಳು ದುಡಿದು ಜೀವ ಕೊಟ್ಟವರ ಹೆಸರು ಆ ಕಾರಿನ ಮೇಲೆ ಎಲ್ಲಿಯೂ ಇಲ್ಲ. ಇರುವುದು ನನ್ನ ತಮ್ಮನ ಹೆಸರು. ‘ಪುನರುಜ್ಜೀವನಗೊಳಿಸಿದವರು’ ಎಂಬ ಪದದ ಕೆಳಗೆ ಅದನ್ನು ಕೆತ್ತಿಸಿ, ಆ ಹಿತ್ತಾಳೆಯ ಫಲಕವನ್ನು ಡ್ಯಾಶ್‌ಬೋರ್ಡಿನ ಮರದ ಹಲಗೆಗೆ ನಾಲ್ಕು ಸ್ಕ್ರೂಗಳಿಂದ ಬಿಗಿಯಲಾಗಿದೆ. ಹೆಸರು ಬಿಟ್ಟುಹೋದದ್ದು ಒಂದು ಅನ್ಯಾಯ. ಆ ನಾಲ್ಕು ಸ್ಕ್ರೂಗಳು ಅದಕ್ಕಿಂತ ದೊಡ್ಡ ಅನ್ಯಾಯ. ಏಕೆಂಬುದು ತಿಳಿಯಬೇಕಾದರೆ ಆ ಮೇಸ್ತ್ರಿ ಎಂಥವರೆಂದು ತಿಳಿಯಬೇಕು.

ಅವರ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಉಗುರಿರಬೇಕಾದ ಜಾಗದಲ್ಲಿ ಚರ್ಮ ಹುಣಸೆಬೀಜದಂತೆ ನುಣುಪಾಗಿ ಹೊಳೆಯುತ್ತಿತ್ತು. ಯಾವುದೋ ಬಸ್ಸಿನ ಜಾಕು ಜಾರಿದಾಗ ಹೋದದ್ದಂತೆ. ಆ ಬೆರಳನ್ನು ಬೋಲ್ಟಿನ ಮೇಲೆ ಒಮ್ಮೆ ಆಡಿಸಿ, ಕಣ್ಣು ಮುಚ್ಚಿಕೊಂಡೇ, “ಇದು ವಿಲಾಯ್ತಿ ಥ್ರೆಡ್ಡು, ನಮ್ದಲ್ಲ” ಎಂದುಬಿಡುತ್ತಿದ್ದರು. ಒಮ್ಮೆಯೂ ತಪ್ಪಿದ್ದನ್ನು ನಾನು ಕಾಣೆ.

ತಂದೆಯವರು ಗುಬ್ಬಿಯಲ್ಲಿ ವೈದ್ಯರಾಗಿದ್ದರು. ಸುತ್ತಲ ಹಳ್ಳಿಗಳಿಗೆ ರೋಗಿಗಳನ್ನು ನೋಡಲು ಹೋಗುತ್ತಿದ್ದದ್ದು ಆ ಕಪ್ಪು ವಿಲಾಯಿತಿ ಕಾರಿನಲ್ಲಿ. ಅವರು ತೀರಿಕೊಂಡ ಮೇಲೆ ಅದು ಗುಬ್ಬಿಯ ಮನೆಯ ಕೊಟ್ಟಿಗೆಯಲ್ಲಿ ಹದಿನೆಂಟು ವರ್ಷ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಡುತ್ತಿತ್ತು. ತೊಂಬತ್ತರ ದಶಕದ ನಡುವೆ ಆ ಮನೆಯನ್ನು ಮಾರಿದಾಗ ಕಾರನ್ನು ಲಾರಿಗೆ ಹೇರಿ ತುಮಕೂರಿಗೆ ತಂದು, ನಮ್ಮ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿದೆವು. ಕೆಳಗೆ ನಾನು ಮತ್ತು ನನ್ನ ಹೆಂಡತಿ, ಮಹಡಿಯಲ್ಲಿ ಕಂಟ್ರಾಕ್ಟರನಾದ ನನ್ನ ತಮ್ಮ ಮತ್ತು ಅವನ ಹೆಂಡತಿ. ಕಾರಿನ ಕಾಗದಪತ್ರಗಳನ್ನು ತಮ್ಮನ ಹೆಸರಿಗೆ ಮಾಡಿಕೊಡಲು ಒಪ್ಪಿ ಸಹಿ ಹಾಕಿದವನು ನಾನೇ. ಉಪನೋಂದಣಿ ಕಚೇರಿಯಲ್ಲಿ ಮೂವತ್ತೊಂದು ವರ್ಷ, ಯಾವುದು ಯಾರ ಹೆಸರಿನಲ್ಲಿದೆ ಎಂದು ನೋಡುವುದನ್ನೇ ಉದ್ಯೋಗ ಮಾಡಿಕೊಂಡಿದ್ದವನು ಆ ಒಂದು ಸಹಿಯನ್ನು ಯೋಚಿಸದೆ ಹಾಕಿದೆ.

ಮೇಸ್ತ್ರಿಗೆ ಗುಬ್ಬಿಯ ರೈಲ್ವೆ ಗೇಟಿನ ಹತ್ತಿರ ಗ್ಯಾರೇಜಿತ್ತು. ಪ್ರಾಯದಲ್ಲಿ ತಂದೆಯವರ ಕಾರನ್ನು ನೋಡಿಕೊಳ್ಳುತ್ತಿದ್ದವರು ಅವರೇ. ಆ ವೇಳೆಗೆ ಗ್ಯಾರೇಜು ಮುಚ್ಚಿ ಕುಣಿಗಲ್ಲಿನಲ್ಲಿ ಮಗಳ ಮನೆಯಲ್ಲಿದ್ದರು. ಒಂದು ಕಾರ್ಡು ಬರೆದೆ. ಕಾರ್ಡು ತಲುಪಿದ ಮರುದಿನವೇ ಬಂದರು. ಕಾರನ್ನು ಮುಟ್ಟದೆ ಮೂರು ಸುತ್ತು ಬಂದು ನಿಂತರು.

“ಡಾಕ್ಟ್ರಯ್ಯನೋರ ಗಾಡಿಗೆ ಈ ಗತಿ ಬಂತಾ ಸಾಮಿ?”

“ಸರಿ ಮಾಡಕ್ಕಾಗುತ್ತಾ ಮೇಸ್ತ್ರೀ?”

“ಆಯ್ತದೆ. ನೀವೊಂದ್ ಮಾತ್ ಕೊಟ್ರೆ ಮಾತ್ರ.”

“ಏನದು?”

“ಇದ್ರ ಮೈಯಾಗೆ ಒಂದೂ ಹೊಸಾ ತೂತು ಕೊರೀಬಾರ್ದು. ನಾನೂ ಕೊರಿಯಾಕಿಲ್ಲ, ನೀವೂ ಯಾರ್ಗೂ ಕೊರಿಯಾಕೆ ಬುಡಬಾರ್ದು.”

“ಅಷ್ಟೇನಾ?”

“ಅಷ್ಟೇಯಾ. ತುಕ್ಕಾದ್ರೆ ಉಜ್ತೀನಿ, ಡೊಂಕಾದ್ರೆ ಬಡೀತೀನಿ. ತೂತ್ನ ಮುಚ್ಬೋದೇ ಹೊರ್ತು ಇಲ್ದಂಗೆ ಮಾಡಾಕೆ ನಂಗ್ ಬರಾಕಿಲ್ಲ.”

ಬರಹದಲ್ಲಿಲ್ಲದ ಮಾತಿಗೆ ನಮ್ಮ ಕಚೇರಿಯಲ್ಲಿ ಬೆಲೆಯಿರಲಿಲ್ಲ. ಆದರೂ ಅಂದು ಶೆಡ್ಡಿನಲ್ಲಿ ನಿಂತು ಮಾತು ಕೊಟ್ಟೆ.

ವಾರಕ್ಕೆ ಮೂರು ದಿನ ಕುಣಿಗಲ್ಲಿನ ಮೊದಲ ಬಸ್ಸಿಗೆ ಬರುತ್ತಿದ್ದರು. ಬುತ್ತಿಯಲ್ಲಿ ಎರಡು ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ. ಮಹಡಿಯಿಂದ ಅವರಿಗೆಂದೇ ಒಂದು ಬೇರೆ ಲೋಟ ಇಳಿದುಬಂದು ಶೆಡ್ಡಿನ ಕಿಟಕಿಯ ಮೇಲೆ ಕೂತಿತ್ತು. ತಮ್ಮನ ಹೆಂಡತಿ ಕಾಫಿಯನ್ನು ಮೇಲಿನಿಂದ ಅದಕ್ಕೆ ಸುರಿದು ಹೋಗುತ್ತಿದ್ದಳು. ನನ್ನ ಹೆಂಡತಿ ಎರಡನೆಯ ವಾರ ಆ ಲೋಟವನ್ನು ತೆಗೆದು ಒಳಗಿಟ್ಟು ಮನೆಯ ಲೋಟದಲ್ಲೇ ಕೊಟ್ಟಳು. ಮೂರನೆಯ ವಾರ ಅದು ಮತ್ತೆ ಕಿಟಕಿಯ ಮೇಲಿತ್ತು. ಮೇಸ್ತ್ರಿ ಯಾವ ಲೋಟದಲ್ಲಿ ಕೊಟ್ಟರೂ ಕುಡಿದು, ತೊಳೆದು, ಬೋರಲು ಹಾಕುತ್ತಿದ್ದರು.

ಅವರ ಕೆಲಸಕ್ಕೆ ಒಂದು ಕ್ರಮವಿತ್ತು. ಕಾರಿನಿಂದ ಬಿಚ್ಚಿದ ಯಾವುದನ್ನೂ ಎಸೆಯುತ್ತಿರಲಿಲ್ಲ. ಕೆಲಸಕ್ಕೆ ಬಾರದ ಭಾಗವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸು ಸವರಿ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ತಂದೆಯವರ ಔಷಧಿಯ ಮರದ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಅದು ಏನು, ಎಲ್ಲಿಂದ ಬಿಚ್ಚಿದ್ದು, ಹಿಂದಕ್ಕೆ ಜೋಡಿಸಬೇಕಾದರೆ ಎಷ್ಟು ಸುತ್ತು ಬಿಗಿಯಬೇಕು ಎಂದು ರಟ್ಟಿನ ಚೀಟಿಯಲ್ಲಿ ಬರೆಯುವುದು ನನ್ನ ಪಾಲಿನ ಕೆಲಸ. “ನಿಮ್ ಅಕ್ಸರ ಗುಂಡುಗೈತೆ ಸಾಮಿ, ನೀವೇ ಬರೀರಿ” ಎನ್ನುತ್ತಿದ್ದರು. “ಇದೂ ಗಾಡೀನೇ. ಅರ್ಧ ಇಲ್ಲೈತೆ, ಅರ್ಧ ಪೆಟ್ಟಿಗೇಲೈತೆ. ನಾಳೆ ಯಾರಾನ ಬಂದು ನನ್ ಕೆಲ್ಸ ಬ್ಯಾಡ ಅಂದ್ರೆ ಬಿಚ್ಚಿ ಮೊದ್ಲಿನಂಗೆ ಮಾಡ್ಕಳ್ಳಿ.”

ಹಳೆಯದನ್ನು ಹಳೆಯದಾಗಿಯೇ ಇಡಬೇಕೆಂಬ ಹಟ ಅವರಿಗಿರಲಿಲ್ಲ. ಈ ಕಾಲದ ರಸ್ತೆಯಲ್ಲಿ ಓಡಬೇಕಾದರೆ ಈ ಕಾಲದ ದೀಪ, ಈ ಕಾಲದ ಬ್ರೇಕು ಬೇಕು ಎನ್ನುತ್ತಿದ್ದರು. ಆರು ವೋಲ್ಟಿನ ಡೈನಮೋದಿಂದ ಹೆಡ್‌ಲೈಟು ಬುಡ್ಡಿಯ ಹಾಗೆ ಉರಿಯುತ್ತಿತ್ತು. ಆ ಡೈನಮೋವನ್ನು ಪೆಟ್ಟಿಗೆಗೆ ಸೇರಿಸಿ ಹನ್ನೆರಡು ವೋಲ್ಟಿನದನ್ನು ಕೂರಿಸಿದರು. ಆದರೆ ಹೊಸದರ ಕಾಲುಗಳು ಹಳೆಯದರ ಎರಡು ತೂತುಗಳಿಗೇ ಹೊಂದಬೇಕು. ಅದಕ್ಕಾಗಿ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ಬಗ್ಗಿಸಿದರು. ನಾಲ್ಕನೆಯ ಸಲ ಸರಿಹೋಯಿತು. ತಿರುವಿನ ದೀಪಗಳು ಬಂಪರಿನ ಬೋಲ್ಟುಗಳನ್ನೇ ಕಚ್ಚಿಕೊಂಡು ನಿಂತವು. ಒಂದು ಡ್ರಿಲ್ಲಿನಿಂದ ಐದು ನಿಮಿಷಕ್ಕೆ ಮುಗಿಯುವ ಕೆಲಸಕ್ಕೆ ಅವರು ಐದು ವಾರ ತೆಗೆದುಕೊಳ್ಳುತ್ತಿದ್ದರು. ಡ್ರಿಲ್ಲು ಶೆಡ್ಡಿನ ಗೂಟದಲ್ಲಿ ನೇತಾಡುತ್ತಲೇ ಇತ್ತು.

ಒಂದು ಭಾನುವಾರ ನನ್ನ ತಮ್ಮ ಟೇಪ್‌ರೆಕಾರ್ಡರ್ ಹಿಡಿದು ಮಹಡಿಯಿಂದ ಇಳಿದು ಬಂದ.

“ಮೇಸ್ತ್ರೀ, ಡ್ಯಾಶ್‌ಬೋರ್ಡಲ್ಲಿ ಒಂದು ಚೌಕ ಕತ್ತರಿಸಿ ಇದನ್ನ ಕೂರಿಸ್ಬಿಡಿ.”

“ಆಗಾಕಿಲ್ಲ ಸಾಮಿ.”

“ಯಾಕ್ರೀ ಆಗಲ್ಲ? ಎಲ್ಲಾ ಕಾರಲ್ಲೂ ಇರುತ್ತೆ.”

“ಎಲ್ಲಾ ಕಾರಿಗೂ ಮಡಗವ್ರೆ. ಇದ್ಕೆ ಡಾಕ್ಟ್ರಯ್ಯ ಮಡಗಿರ್ಲಿಲ್ಲ.”

“ಇನ್ಮೇಲೆ ಓಡಿಸೋನು ನಾನು ಕಣ್ರೀ.”

“ಓಡ್ಸಿ. ಹಾಡ್ನೂ ಕೇಳಿ. ಒಸಿ ಟೈಮ್ ಕೊಡಿ.”

ಹನ್ನೊಂದು ದಿನಗಳಾದ ಮೇಲೆ ಟೇಪ್‌ರೆಕಾರ್ಡರ್ ಮುಂದಿನ ಸೀಟಿನ ಕೆಳಗೆ, ಸೀಟಿನದೇ ಬೋಲ್ಟುಗಳಿಗೆ ಸಿಕ್ಕಿಸಿದ ತಗಡಿನ ಗೂಡಿನಲ್ಲಿ ಹಾಡಿತು. ಮೇಸ್ತ್ರಿ ಬಾಗಿಲು ತೆರೆದು ತಮ್ಮನನ್ನು ಕರೆದರು. “ಬನ್ನಿ ಸಾಮಿ, ಕೂತ್ಕಳಿ. ಹಾಡು ಕುಂಡಿ ಕೆಳಗಿಂದ ಬತ್ತದೆ, ಕಿವಿಗೆ ಹತ್ತಾದು ಒಸಿ ತಡ.”

ಕಾಫಿ ತಂದಿದ್ದ ನನ್ನ ಹೆಂಡತಿ ಚೆಲ್ಲುವಷ್ಟು ನಕ್ಕಳು. ತಮ್ಮ ನಗಲಿಲ್ಲ. ನಗಲಿಲ್ಲವೆಂಬುದನ್ನು ನಾನು ಆಗಲೇ ಗಮನಿಸಿದ್ದೆ.

ಹೊಸ ಶತಮಾನದ ಮೊದಲ ವರ್ಷಗಳಲ್ಲಿ ಒಂದು ಬೆಳಗ್ಗೆ ಕಾರು ಶೆಡ್ಡಿನಿಂದ ತಾನಾಗಿ ಹೊರಗೆ ಬಂದಿತು. ಮೇಸ್ತ್ರಿ ಓಡಿಸಿದರು, ಪಕ್ಕದಲ್ಲಿ ನಾನು ಕೂತೆ. ಗುಬ್ಬಿಯವರೆಗೆ ಹೋದೆವು. ಈಗ ಬೇರೆಯವರದಾಗಿರುವ ನಮ್ಮ ಮನೆಯ ಮುಂದೆ ಅವರು ನಿಲ್ಲಿಸಲಿಲ್ಲ. ಗೇರು ಇಳಿಸಿ, ವೇಗ ತಗ್ಗಿಸಿ, ಹಾರನ್ನನ್ನು ಒಂದು ಉದ್ದ ಒಂದು ಗಿಡ್ಡ ಒತ್ತಿದರು. ರೋಗಿಗಳನ್ನು ನೋಡಿ ಮನೆಗೆ ಬರುವಾಗ ತಂದೆಯವರು ಹಾಗೆಯೇ ಒತ್ತುತ್ತಿದ್ದರು. ಅದು ನನಗೆ ಮರೆತುಹೋಗಿತ್ತು. ಅವರಿಗೆ ಮರೆತಿರಲಿಲ್ಲ.

ಹಿಂದಿರುಗುವಾಗ ಹೇಳಿದರು: “ಸಾಮಿ, ಒಂದ್ಸಲ ಇದ್ನ ಕುಣಿಗಲ್‌ಗೆ ತಗಂಡ್ ಬನ್ನಿ. ಇದ್ನ ನಾನ್ ಎಬ್ಬಿಸ್ದೆ ಅಂದ್ರೆ ನನ್ ಮಗಳು ನಂಬಾಕಿಲ್ಲ. ‘ಹೋಗಪ್ಪೋ, ಐದ್ ವರ್ಸ ಕಾಫಿ ಕುಡಿಯಾಕ್ ಹೋಗಿದ್ದೆ’ ಅಂತಾಳೆ.”

ಬರುತ್ತೇನೆ ಎಂದೆ. ಇದು ಎರಡನೆಯ ಮಾತು.

ಕೆಲವು ತಿಂಗಳಲ್ಲಿ ತುಮಕೂರಿನ ಮೈದಾನವೊಂದರಲ್ಲಿ ಹಳೆಯ ಕಾರುಗಳ ಪ್ರದರ್ಶನ ಏರ್ಪಟ್ಟಿತು. ನಮ್ಮ ಕಾರೂ ಹೋಗುವುದೆಂದು ತಮ್ಮ ಗೊತ್ತುಮಾಡಿ ಬಂದ. ಮೇಸ್ತ್ರಿಗೆ ನಾನು ಕಾರ್ಡು ಬರೆದೆ. ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಊಟವಾಗಿ ಅಡ್ಡಾಗಿದ್ದಾಗ ಶೆಡ್ಡಿನ ಕಡೆಯಿಂದ ಡ್ರಿಲ್ಲಿನ ಸದ್ದು ಕೇಳಿಸಿತು. ನಿಂತಿತು, ಮತ್ತೆ ಕೇಳಿಸಿತು. ಒಟ್ಟು ನಾಲ್ಕು ಸಲ. ಮೊಳೆ ಹೊಡೆಯಲು ಗೋಡೆ ಕೊರೆಯುತ್ತಿರಬೇಕೆಂದುಕೊಂಡೆ. ಎದ್ದು ಹೋಗಿ ನೋಡಲಿಲ್ಲ. ಇದನ್ನೂ ಇಲ್ಲಿ ನಮೂದಿಸಬೇಕು.

ಮರುದಿನ ಮೇಸ್ತ್ರಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನೇರವಾಗಿ ಮೈದಾನಕ್ಕೆ ಬಂದರು. ಕಾರಿನ ಸುತ್ತ ಹಗ್ಗ ಕಟ್ಟಿದ್ದರು. ನನ್ನ ತಮ್ಮ ಅತಿಥಿಗಳೊಂದಿಗೆ ಹಗ್ಗದ ಒಳಗಿದ್ದ. ಹೊರಗೆ ನಿಂತ ಮೇಸ್ತ್ರಿಯನ್ನು ನಾನು ಹಗ್ಗ ಎತ್ತಿ ಒಳಗೆ ಕರೆದೆ. ಅವರು ಬಾಗಿಲು ತೆರೆದು ಒಳಕ್ಕೆ ಬಾಗಿದರು. ಅರಗಿನ ಪಾಲಿಶನ್ನು ಒಂಬತ್ತು ಸಲ ಕೊಟ್ಟು ಅವರೇ ಕನ್ನಡಿಯಂತೆ ಮಾಡಿದ್ದ ಹಲಗೆಯ ಮೇಲೆ ಫಲಕವಿತ್ತು. ನಾನೂ ಅದನ್ನು ಆಗಲೇ ಮೊದಲು ನೋಡಿದ್ದು. ಅವರು ಹೆಸರನ್ನು ಓದಲಿಲ್ಲ. ಉಗುರಿಲ್ಲದ ಹೆಬ್ಬೆರಳನ್ನು ಒಂದೊಂದು ಮೂಲೆಗೂ ಇಟ್ಟು ನೋಡಿದರು.

“ನಾಕು” ಎಂದರು.

“ಏನು ನಾಲ್ಕು ಮೇಸ್ತ್ರೀ?” ಎಂದ ತಮ್ಮ.

“ತೂತು ಸಾಮಿ. ನಾಕು.”

“ಅಯ್ಯೋ, ನಾಲ್ಕು ಸ್ಕ್ರೂ ಕಣ್ರೀ! ಅದಕ್ಕೇನು ಕಾರು ಬಿದ್ದೋಯ್ತಾ?” ಅವನು ಅತಿಥಿಗಳ ಕಡೆಗೆ ತಿರುಗಿ, “ನಮ್ಮ ಮೆಕ್ಯಾನಿಕ್ಕು. ಸ್ವಲ್ಪ ಹಳೇ ಕಾಲದೋರು” ಎಂದ. ಅವರು ನಕ್ಕರು.

ಮೇಸ್ತ್ರಿ ನನ್ನನ್ನು ನೋಡಿದರು. “ನೀವ್ ನೋಡ್ಲಿಲ್ವಾ ಸಾಮಿ?”

ನೋಡಲಿಲ್ಲ ಎಂದರೂ ತಪ್ಪು, ನೋಡಿದೆ ಎಂದರೂ ತಪ್ಪು.

“ಗಮ್ಮು ಹಾಕಿ ಅಂಟ್ಸಿದ್ರೂ ನಿಂತಿರಾದು” ಎಂದು ತಮಗೆ ತಾವೇ ಹೇಳಿಕೊಂಡರು. ಹಲಗೆಯ ಕೆಳ ಅಂಚಿನಲ್ಲಿ ಕೊರೆದಾಗ ಬಿದ್ದ ಮರದ ಪುಡಿ ಹಾಗೆಯೇ ಇತ್ತು, ಯಾರೂ ಒರೆಸಿರಲಿಲ್ಲ. ಜೇಬಿನಿಂದ ಬಸ್ಸಿನ ಟಿಕೆಟ್ಟು ತೆಗೆದು, ಆ ಪುಡಿಯನ್ನು ಬೆರಳಿನಿಂದ ಅದರ ಮೇಲೆ ಸೇರಿಸಿಕೊಂಡು, ಮಡಚಿ, ನನ್ನ ಕೈಗಿಟ್ಟರು.

“ಪೆಟ್ಟಿಗೇಲಿ ಮಡಗಿ ಸಾಮಿ. ಇದೂ ಗಾಡೀದೇ.”

ಅಷ್ಟು ಹೇಳಿ ಹಗ್ಗದ ಕೆಳಗೆ ನುಸುಳಿ ಹೋದರು. ಅವರು ನಮ್ಮ ಮನೆಗೆ ಮತ್ತೆ ಬರಲಿಲ್ಲ. ನಾನು ಬರೆದ ಎರಡು ಕಾರ್ಡುಗಳಿಗೂ ಉತ್ತರ ಬರಲಿಲ್ಲ. ನಾನೂ ಕುಣಿಗಲ್ಲಿಗೆ ಹೋಗಲಿಲ್ಲ. ಕಾರಿಲ್ಲದೆ ಯಾವ ಮುಖ ಹೊತ್ತು ಹೋಗುವುದು ಎಂದು ಮುಂದೂಡಿದೆ.

ಮೂರು ವರ್ಷಗಳಾದ ಮೇಲೆ ಅವರ ಮಗಳು ಫೋನು ಮಾಡಿ, ಅಪ್ಪ ಹೋಗಿಬಿಟ್ಟರು ಎಂದಳು. ಮಹಡಿ ಹತ್ತಿ ತಮ್ಮನನ್ನು ಕಾರು ಕೇಳಿದೆ.

“ಸಾವಿನ ಮನೆಗೆ ಆ ಗಾಡಿ ಬೇಡ ಅಣ್ಣ. ಮುಂದಿನ ವಾರ ಅದರಲ್ಲಿ ಮದುಮಗನ್ನ ಕೂರಿಸ್ಬೇಕು, ಮಾತು ಕೊಟ್ಟಿದೀನಿ” ಎಂದ.

ಬಸ್ಸಿನಲ್ಲಿ ಹೋದೆ. ಜಗುಲಿಯ ಮೇಲೆ ಮಲಗಿಸಿದ್ದರು. ಅದೇ ಬಿಳಿ ಅಂಗಿ. ಬಲಗೈಯನ್ನು ಎದೆಯ ಮೇಲಿಟ್ಟಿದ್ದರಿಂದ ಆ ಹೆಬ್ಬೆರಳು ಕಾಣುತ್ತಿತ್ತು. ನನಗೆ ಅಳು ಬರಲಿಲ್ಲ. ಕೂತೆ. ಯಾರೋ ನೀರು ಕೊಟ್ಟರು, ಕುಡಿದೆ. ಮಗಳು ಬಾಗಿಲಿಗೆ ಬಂದು ರಸ್ತೆಯ ಕಡೆ ನೋಡಿದಳು.

“ಗಾಡಿ ತರ್ಲಿಲ್ವಾ ಸಾಮಿ? ಒಂದಿನ ಅದ್ರಲ್ಲೇ ಬತ್ತಾರೆ ಅಂತಿತ್ತು ಅಪ್ಪ.”

ಇಲ್ಲಮ್ಮ ಎಂದೆ. ಅಂದು ಬಾರದ ಅಳು ಇಂದಿಗೂ ಬಂದಿಲ್ಲ. ಎದೆಯ ಆ ಭಾಗವನ್ನು ಯಾರೋ ಬಿಚ್ಚಿ ಬಟ್ಟೆಯಲ್ಲಿ ಸುತ್ತಿಟ್ಟ ಹಾಗಿದೆ.

ಕಾರು ಈಗ ತಮ್ಮನ ಹೊಸ ಮನೆಯ ಮುಂದೆ ಗಾಜಿನ ಕೋಣೆಯಲ್ಲಿ ನಿಂತಿದೆ. ಬಂದವರೆಲ್ಲ ಫಲಕವನ್ನು ಓದಿ ಮೆಚ್ಚುತ್ತಾರೆ. ಪೆಟ್ಟಿಗೆ ನನ್ನ ಬಳಿಯಲ್ಲೇ ಇದೆ. ಅದು ಬೇಕೆಂದು ಯಾರೂ ಕೇಳಿಲ್ಲ. ಮೊನ್ನೆ ತೆರೆದು ನೋಡಿದೆ. ನೂರ ಎಪ್ಪತ್ತಾರು ಗಂಟುಗಳು, ನೂರ ಎಪ್ಪತ್ತಾರು ಚೀಟಿಗಳು. ಎಲ್ಲವೂ ನನ್ನ ಕೈಬರಹ, ಎಲ್ಲವೂ ಆ ಮೇಸ್ತ್ರಿ ಹೇಳಿ ಬರೆಸಿದ್ದು. ಪ್ರತಿಯೊಂದಕ್ಕೂ ಹಿಂದಕ್ಕೆ ಹೋಗಿ ಕೂರಲು ಕಾರಿನಲ್ಲಿ ಒಂದು ಜಾಗವಿದೆ. ಬಸ್ಸಿನ ಟಿಕೆಟ್ಟಿನ ಆ ಚಿಕ್ಕ ಪೊಟ್ಟಣಕ್ಕೆ ಮಾತ್ರ ಚೀಟಿಯಿಲ್ಲ.

ತಮ್ಮಾ, ನಿನ್ನನ್ನೂ, ಅಂದು ಹಗ್ಗದ ಒಳಗೆ ನಿಂತು ನಿನ್ನೊಡನೆ ನಕ್ಕವರನ್ನೂ ಕೇಳುತ್ತಿದ್ದೇನೆ. ಚೀಟಿ ಬರೆಯಲು ನಾನು ಈಗಲೂ ಸಿದ್ಧನಿದ್ದೇನೆ. ಈ ಪುಡಿಯನ್ನು ಹಿಂದಕ್ಕೆ ಎಲ್ಲಿ ಜೋಡಿಸಬೇಕೆಂದು ಬರೆಯಲಿ?